ಬಸಣ್ಣನ ಮನಿಗೆ ನಾ ಆರಿಸಿದ ರಿಸೀವರ್

ಎರಡು ಸಾವಿರದ ಹದಿಮೂರನೇ ಇಸವಿಯಾಗ ನಾನು ಮಡಕಶಿರಾ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ನಡೆಸ್ತಿದ್ದೆ. ಟಿವಿ, ಆಂಪ್ಲಿಫೈಯರ್, ಮದುವಿಗೆ ಬಾಡಿಗಿ ಕೊಡೋ ಸೌಂಡ್ ಸೆಟ್ಟು, ಇವೇ ನನ್ನ ಕೆಲಸ. ಹೋಮ್ ಥಿಯೇಟರ್ ಅನ್ನೋದು ಆಗಷ್ಟೇ ನಮ್ಮ ಕಡಿಗೆ ಕಾಲಿಟ್ಟಿತ್ತು. ರೇಷ್ಮಿ ವ್ಯಾಪಾರ ಮಾಡೋರು, ಬೆಂಗಳೂರಿನ ಗಾರ್ಮೆಂಟ್ಸಿಗೆ ಜನಾನ ಕಳಿಸೋ ಕಂಟ್ರಾಕ್ಟರ್‌ಗಳು ಹೊಸ ಮನಿ ಕಟ್ಟಿದ್ರ ಹಾಲ್‌ನಾಗ ಐದು ಸ್ಪೀಕರು, ಒಂದು ಸಬ್‌ವೂಫರು ಇರಬೇಕು ಅನ್ನೋ ಕಾಲ. ಹಂಗ ಮನಿ ಮನಿಗೆ ರಿಸೀವರ್ ಆರಿಸಿ ಕೊಟ್ಟಿದ್ದು ಎಷ್ಟೋ. ಅದರಾಗ ಒಂದನ್ನ ನಾನು ಸಾಯೋ ತನಕ ಮರೆಯಂಗಿಲ್ಲ. ಅದನ್ನ ನಾನು ಪ್ರೀತಿಗೆ ಆರಿಸಿದ್ದಲ್ಲ, ವ್ಯಾಪಾರಕ್ಕೂ ಅಲ್ಲ. ಸೇಡಿಗೆ ಆರಿಸಿದ್ದು.

ಸೇಡು ಯಾಕ ಅನ್ನೋದು ಮೊದಲು ಹೇಳಬೇಕು.

ನನ್ನ ಊರು ರಾಯದುರ್ಗ. ಓದಿದ್ದು ತಡ. ಸಣ್ಣವನಿದ್ದಾಗಲೇ ಜೀನ್ಸ್ ಹೊಲಿಯೋ ಯೂನಿಟ್‌ನಾಗ ದಾರ ಕತ್ತರಿಸೋಕೆ ಕುಂತವನು, ಹತ್ತನೇ ಕ್ಲಾಸ್ ಪಾಸಾಗಿದ್ದು ಇಪ್ಪತ್ತಾರನೇ ವಯಸ್ಸಿಗೆ, ಓಪನ್ ಸ್ಕೂಲ್‌ನಾಗ. ಆಮ್ಯಾಲೆ ಅನಂತಪುರಕ್ಕ ಓಡಾಡಿ ರೇಡಿಯೋ-ಟಿವಿ ಮೆಕ್ಯಾನಿಕ್ ಕೋರ್ಸ್ ಮಾಡಿದೆ. ಅದು ಮುಗಿದ ಮ್ಯಾಲೆ ಬಸಣ್ಣ ಅನ್ನೋರ ಜೀನ್ಸ್ ಯೂನಿಟ್‌ನಾಗ ಕರೆಂಟಿನ ಕೆಲಸಕ್ಕ ಸೇರಿದೆ. ಮಷಿನ್ ಮೋಟರ್, ಟ್ಯೂಬ್‌ಲೈಟು, ಐರನ್ ಬಾಕ್ಸು, ಜತಿಗೆ ಹಾಡಿನ ಸೆಟ್ಟು.

ಹಾಡಿನ ಸೆಟ್ಟು ಅಂದ್ರ ನಗಬ್ಯಾಡ್ರಿ. ರಾಯದುರ್ಗದ ಯೂನಿಟ್‌ನಾಗ ಹಾಡಿಲ್ಲ ಅಂದ್ರ ಕೆಲಸ ಇಲ್ಲ. ಇಪ್ಪತ್ತು ಮೂವತ್ತು ಮಷಿನ್ ಒಂದೇ ಸಲ ಗುರ್ ಅಂತಿರ್ತಾವ, ಪಕ್ಕದಾಕಿ ಮಾತು ಪಕ್ಕದಾಕಿಗೆ ಕೇಳಂಗಿಲ್ಲ. ಪೀಸಿನ ಲೆಕ್ಕದಾಗ ಹೊಲಿಯೋರು ಹಾಡಿನ ಓಟಕ್ಕ ಕಾಲು ಹಾಕ್ತಾರ. ಸ್ಪೀಕರ್ ಇಲ್ಲದ ಸಾಲಿನಾಗ ಯಾರೂ ಕುಂದ್ರಂಗಿಲ್ಲ. ಅದಕ್ಕ ಮಾಲೀಕರು ಹೊಸ ಸಾಲು ಹಾಕಿದಾಗೆಲ್ಲ ಹೊಸ ಸ್ಪೀಕರ್ ತಂದು, ಹತ್ರದ ಸ್ಪೀಕರಿನ ವೈರ್ ಸುಲಿದು ಅದಕ್ಕೇ ಗಂಟು ಹಾಕೋದು. ಹರಿದ ದಾರಕ್ಕ ಇನ್ನೊಂದು ದಾರ ಗಂಟು ಹಾಕಿದಂಗ. ಹೊಲಿಯೋ ಜನಕ್ಕ ಅದು ತಪ್ಪು ಅಂತಾನೇ ಅನಿಸಂಗಿಲ್ಲ. ವೈರೂ ಒಂದು ಎಳೀನೇ ಅಲ್ಲೇನು ಅಂತಾರ.

ಆದ್ರ ಆಂಪ್ಲಿಫೈಯರ್‌ಗೆ ಅದು ಸಾವು. ಒಂದು ಮೋಟರಿಗೆ ಒಂದು ಮಷಿನ್ ಬೆಲ್ಟ್ ಹಾಕಿದ್ರ ಆರಾಮ ತಿರುಗ್ತದ. ಅದೇ ಮೋಟರಿಗೆ ಎರಡು, ನಾಕು, ಎಂಟು ಮಷಿನ್ ಬೆಲ್ಟ್ ಹಾಕಿದ್ರ ಕಾದು ಹೊಗಿ ಬರ್ತದ. ಸ್ಪೀಕರಿನ ಅಡ್ಡಗಟ್ಟೋ ಶಕ್ತಿನ ಓಮ್ ಅಂತ ಅಳೀತಾರ. ಎಂಟು ಓಮಿನ ಒಂದು ಸ್ಪೀಕರ್ ಇದ್ರ ಎಂಟು. ಅಂಥವು ಎರಡನ್ನ ಹಿಂಗ ಗಂಟು ಹಾಕಿದ್ರ ನಾಕು. ನಾಕು ಹಾಕಿದ್ರ ಎರಡು. ಓಮ್ ಇಳಿದಷ್ಟೂ ಆಂಪ್ಲಿಫೈಯರ್ ಮ್ಯಾಲೆ ಎಳೆತ ಜಾಸ್ತಿ. ಬಸಣ್ಣನ ಯೂನಿಟ್‌ನಾಗ ಗಂಟು ಹಾಕೋ ಮನಷ್ಯ ಈರೇಶ, ಬಸಣ್ಣನ ಹೆಂಡ್ತಿ ತಮ್ಮ. ಯೂನಿಟ್ಟಿಗೆ ಸಾಮಾನು ತರೋದು ಅವನೇ. ಬಳ್ಳಾರ್ಯಾಗ ಯಾವನೋ ಜೋಡಿಸಿ ಮಾರೋ ಎರಡು ಆಂಪ್ಲಿಫೈಯರ್ ಒಂದೇ ದಿನ ತಂದಿದ್ದ. ಒಂದು ನಾನಿದ್ದ ಯೂನಿಟ್ಟಿಗೆ, ಇನ್ನೊಂದು ಅವರದೇ ಎರಡನೇ ಯೂನಿಟ್ಟಿಗೆ. ನಾನು ಹೇಳ್ತಿದ್ದೆ, "ಈರೇಶಣ್ಣ, ಇನ್ನ ಕಟ್ಟಬ್ಯಾಡ್ರಿ, ಸುಡ್ತದ." ಅವನು ಅಂತಿದ್ದ, "ನಿನ್ನ ಕೋರ್ಸು ಅನಂತಪುರದಾಗ ಇಟ್ಟುಕೋ. ಇದು ರಾಯದುರ್ಗ."

ಎರಡು ಸಾವಿರದ ಎಂಟರಾಗ ಒಂದು ಮಧ್ಯಾಹ್ನ ನಮ್ಮ ಯೂನಿಟ್ಟಿನ ಸೆಟ್ಟು ಸುಟ್ಟಿತು. ಹೊಗಿ, ವಾಸನಿ, ಹೆಣ್ಣುಮಕ್ಕಳೆಲ್ಲ ಹೊರಗ ಓಡಿದರು. ಬಸಣ್ಣ ಬಂದ್ರು. ಈರೇಶ ಮುಚ್ಚಳ ಬಿಚ್ಚಿ ಟ್ರಾನ್ಸ್‌ಫಾರ್ಮರ್ ಹೊರಗ ತಗದ. ಟ್ರಾನ್ಸ್‌ಫಾರ್ಮರ್ ಒಳಗ ಸುತ್ತಿರೋ ತಂತಿ ತಾಮ್ರದ್ದು ಇರಬೇಕು. ದುಡ್ಡು ಉಳಿಸೋರು ಅಲ್ಯೂಮಿನಿಯಂ ತಂತಿ ಸುತ್ತಿ, ಮ್ಯಾಲೆ ಕೆಂಪು ಬಣ್ಣ ಹಚ್ಚಿರ್ತಾರ. ಬಣ್ಣ ಕೆರೆದ್ರ ಮಾತ್ರ ಗೊತ್ತಾಗ್ತದ. ಬಸಣ್ಣ ಕಟಿಂಗ್ ಮಾಸ್ತರ್ ಮಾಬು ಅವರನ್ನ ಕರೆದು ಕೆರಸಿದರು. ಮಾಬು ಮಾಸ್ತರ್ ಹೊಲಿಗಿ ಬಿಚ್ಚೋ ಬ್ಲೇಡಿನಿಂದ ಕೆರೆದ್ರು. ತಂತಿ ಬೆಳ್ಳಗ ಬಂತು.

ಈರೇಶ ಅಂದ, "ನಾ ತಂದಿದ್ದು ತಾಮ್ರದ್ದು. ಹೋದ ತಿಂಗಳ ವಾಲ್ಯೂಮ್ ಸರಿ ಮಾಡ್ತೀನಿ ಅಂತ ಇವನೇ ಬಿಚ್ಚಿದ್ದ."

ನಾನು ಬಿಚ್ಚಿದ್ದು ಖರೆ. ವಾಲ್ಯೂಮ್ ತಿರುಗಿಸೋ ಕಂಟ್ರೋಲ್ ಬದಲಿ ಮಾಡಿ ಮುಚ್ಚಿದ್ದೆ. ಟ್ರಾನ್ಸ್‌ಫಾರ್ಮರ್ ಕಡೆ ಕಣ್ಣೆತ್ತಿ ನೋಡಿದ್ದಿಲ್ಲ. ಹೇಳಿದೆ. ಬಸಣ್ಣ ಕೇಳಲಿಲ್ಲ. ಜೀನ್ಸಿನ ರಾಶಿ ಮ್ಯಾಲೆ ಕುಂತು, ಎಲ್ಲಾ ಸಾಲು ಕೇಳಂಗ ಅಂದ್ರು, "ಉಂಡ ಮನಿ ಕಾಯಿಲ್ ತಿಂದಿಯಲ್ಲೋ." ಕಾಯಿಲ್ ಅಂದ್ರ ಅದೇ ತಂತಿ ಸುತ್ತು; ತಾಮ್ರದ್ದು ಕದ್ದು ಅಲ್ಯೂಮಿನಿಯಂದು ಇಟ್ಟೀನಿ ಅಂತ. ಅವತ್ತಿನಿಂದ ನನ್ನ ಹೆಸರು ತಿಪ್ಪೇಶ ಅಲ್ಲ, ಕಾಯಿಲ್ ಕಳ್ಳ.

ಅದೇ ಯೂನಿಟ್‌ನಾಗ ಗುಂಡಿ ಹಚ್ಚೋ ಮಷಿನ್ ಮ್ಯಾಲೆ ನನ್ನ ಹೆಂಡ್ತಿ ರತ್ನ ಕುಂತಿದ್ದಳು. ಆಕಿ ಮಡಕಶಿರಾ ಕಡೇಕಿ, ಹೊಲಿಗಿ ಕೆಲಸಕ್ಕ ಅಂತ ರಾಯದುರ್ಗಕ್ಕ ಬಂದು, ನನ್ನ ಮದುವಿಯಾಗಿ ಅಲ್ಲೇ ಉಳಿದಾಕಿ. ಮಷಿನ್ ಸ್ವಿಚ್ ಆಫ್ ಮಾಡಿ, ಬ್ಯಾಗ್ ತಗೊಂಡು ನನಗಿಂತ ಮೊದಲೇ ಹೊರಗ ನಡೆದಳು. ಯಾರೂ ಆಕಿನ ಹೋಗು ಅಂದಿದ್ದಿಲ್ಲ. ಆ ವಾರ ಮೂರು ಯೂನಿಟ್ ಅಡ್ಡಾಡಿದೆ. ಎಲ್ಲೂ ಕೆಲಸ ಸಿಗಲಿಲ್ಲ. ಸಾಮಾನು ಕಟ್ಟಿ ಕಲ್ಯಾಣದುರ್ಗದ ಬಸ್ ಹತ್ತಿ ಆಕಿ ತವರಿನ ಕಡೆ ಮಡಕಶಿರಾಕ್ಕ ಬಂದ್ವಿ.

ಊರು ಬದಲಾದ್ರೂ ಹೆಸರು ಬದಲಾಗಲಿಲ್ಲ. ಮಡಕಶಿರಾ ಕಡೆ ಜನ ಹೊಲಿಗಿ ಕೆಲಸಕ್ಕ ರಾಯದುರ್ಗಕ್ಕ, ಬೆಂಗಳೂರಿಗೆ ಹೋಗಿ ಬಂದು ಮಾಡ್ತಿದ್ರು. ಅವರ ಜತಿಗೆ ಆ ಹೆಸರೂ ಬಸ್ ಹತ್ತಿ ಬಂತು. ನಾನು ಅಂಗಡಿ ಇಟ್ಟೆ. ಸೆಟ್ಟು ತಂದವರು ಬಿಟ್ಟು ಹೋಗ್ತಿದ್ದಿಲ್ಲ. ಸ್ಟೂಲ್ ಎಳಕೊಂಡು ನನ್ನ ಎದುರಿಗೇ ಕುಂದ್ರೋರು. ಕೈ ನೋಡೋರು. ಒಬ್ಬಾತ ಶೇಂಗಾ ಹೊಲ ಬಿಟ್ಟು ಬಂದು, ಒಂದು ಟೇಪ್ ರಿಕಾರ್ಡರಿಗೆ ಸಂಜಿ ತನಕ ಕುಂತಿದ್ದ. "ನಂಬಿಕೆ ಇಲ್ಲ ಅಂತಲ್ಲ ಕಣಪ್ಪ. ಸುಮ್ನೆ ಟೈಮ್ ಪಾಸು," ಅಂತಿದ್ದ. ನಾನು ಸೋಲ್ಡರ್ ಹಿಡಿದು ಹಲ್ಲು ಕಚ್ಚಿಕೊಂಡು ಕೆಲಸ ಮಾಡ್ತಿದ್ದೆ. ಹಂಗ ಐದು ವರ್ಷ. ಸೆಟ್ಟು ಬಿಟ್ಟು ಹೋಗದ ಊರಾಗ ರಿಪೇರಿ ಅಂಗಡಿ ನಡೆಯಂಗಿಲ್ಲ, ಒಂದಿನಕ್ಕ ಒಂದು ಕೆಲಸಕ್ಕಿಂತ ಮ್ಯಾಲೆ ಆಗಂಗಿಲ್ಲ. ನನಗ ಬೇಕಾಗಿದ್ದು ಒಂದೇ. ನಾನು ಕಳ್ಳ ಅಲ್ಲ ಅಂತ ಆ ಯೂನಿಟ್ಟಿನ ಸಾಲುಗಳಿಗೆ ಗೊತ್ತಾಗಬೇಕು. ಅಲ್ಲಿ ಹುಟ್ಟಿದ ಹೆಸರು ಅಲ್ಲೇ ಸಾಯಬೇಕು.

ಅಂಥ ಹೊತ್ತಿನಾಗ ಬಸಣ್ಣನೇ ನನ್ನ ಅಂಗಡಿ ಮೆಟ್ಟಿಲು ಹತ್ತಿ ಬಂದ್ರು.

ಮಡಕಶಿರಾದ ಒಬ್ಬ ರೇಷ್ಮಿ ವ್ಯಾಪಾರಿ ಅವರಿಗೆ ನೆಂಟ. ಆ ಮನ್ಯಾಗ ನಾನು ಕೂಡ್ಸಿದ ಹೋಮ್ ಥಿಯೇಟರ್ ನೋಡಿ, ಅಂಥದ್ದೇ ತಮ್ಮ ಹೊಸ ಮನಿಗೂ ಬೇಕು ಅಂತ ಬಂದಿದ್ರು. ಬಾಗಿಲಾಗ ನಿಂತು ನನ್ನ ಮುಖ ನೋಡಿದ್ರು. ನಾನು ಎದ್ದು ನಿಂತೆ.

"ನೀನು ನಮ್ಮ ಯೂನಿಟ್‌ನಾಗ ಇದ್ದವನಲ್ಲೇನು? ತಿಪ್ಪೇಶ? ಎಲ್ಲಿ ಹೋಗಿದ್ಯಪ್ಪ ಇಷ್ಟು ದಿನ, ಹೇಳದ ಕೇಳದ?"

ನಾನು ಅವರ ಕಣ್ಣು ನೋಡಿದೆ. ನಾಟಕ ಅಲ್ಲ. ಆ ಮನಷ್ಯ ಮರೆತಿದ್ದ. ನನ್ನ ಹೆಸರು ಸುಟ್ಟು, ಕೈ ತೊಳಕೊಂಡು, ಮರೆತಿದ್ದ. ಬೈದಿದ್ದನ್ನ ನಾನು ಎಂದಾದ್ರೂ ಮರೀಬಹುದಿತ್ತೇನೋ. ಆ ಮರೆವನ್ನ ನಾನು ಮರೀಲಿಕ್ಕೆ ಆಗಲಿಲ್ಲ.

"ಇಲ್ಲೇ ಇದ್ದೆ ಸಾವ್ಕಾರ್ರ. ಕುಂದರ್ರಿ," ಅಂದೆ.

ಮನಿಗೆ ಹೋಗಿ ರತ್ನಗೆ ಹೇಳಿದೆ. ಆಕಿ ರಾಗಿ ಹಿಟ್ಟು ಜರಡಿ ಹಿಡಿತಿದ್ದಳು. ನಿಲ್ಲಿಸಲಿಲ್ಲ.

"ಮಾಡ್ತೀನಿ ಅಂದ್ರಾ?"

"ಅಂದೆ."

"ಅವನ ಮನೆ ಸುಟ್ಟು ಬೂದಿ ಆಗೋ ಅಂತದ್ದು ಯಾವ್ದಾರ ಇದ್ರೆ ಹಾಕಿ ಬನ್ನಿ ಕಣ್ರಿ."

"ಸುಟ್ರ ಮತ್ತ ನನ್ನ ತಲಿಗೇ ಬರ್ತದ," ಅಂದೆ. ಅದನ್ನ ಹೇಳಿದ ಮ್ಯಾಲೇ ನನಗ ದಾರಿ ಕಂಡಿತು.

ರಿಸೀವರ್ ಅಂದ್ರ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸಿನಿಮಾದ ಸೌಂಡನ್ನ ಬಿಡಿಸಿ, ಮುಂದಿನದು ಮುಂದಕ, ಹಿಂದಿನದು ಹಿಂದಕ, ಮಾತು ನಡುವಿನ ಸ್ಪೀಕರಿಗೆ ಹಂಚಿ, ಅವಕ್ಕ ಶಕ್ತಿ ಕೊಡೋ ಡಬ್ಬಿ ಅದು. ಹೋಮ್ ಥಿಯೇಟರಿನ ಜೀವ ಇರೋದು ಅದರಾಗ. ಟಿವಿ ಎಷ್ಟು ದೊಡ್ಡದಿದ್ರೂ, ಸ್ಪೀಕರ್ ಎಷ್ಟು ಎತ್ತರ ಇದ್ರೂ, ರಿಸೀವರ್ ಕೆಟ್ಟದಿದ್ರ ಎಲ್ಲಾ ದಂಡ. ಜನ ಡಬ್ಬಿ ಮ್ಯಾಲಿನ ವ್ಯಾಟ್ಸ್ ನೋಡ್ತಾರ. ಅದು ಮಾರೋರು ಬರೆದಿದ್ದು. ನೋಡಬೇಕಾಗಿದ್ದು ಹಿಂದ, ಸ್ಪೀಕರ್ ವೈರ್ ಹಾಕೋ ತೂತಿನ ಹತ್ರ. ಇಷ್ಟು ಓಮಿಗಿಂತ ಕಡಿಮಿ ಹಾಕಬ್ಯಾಡ್ರಿ ಅಂತ ಸಣ್ಣಗ ಬರೆದಿರ್ತದ.

ಬಸಣ್ಣನ ಕರಕೊಂಡು ಬೆಂಗಳೂರಿಗೆ, ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್.ಪಿ. ರೋಡಿಗೆ ಹೋದೆ. ಅಂಗಡ್ಯಾಗ ಮೂರು ಡಬ್ಬಿ ತಗಸಿದೆ. ಮೊದಲನೇದು ಸ್ಪೀಕರ್ ಸಮೇತ ಬರೋ ಸಣ್ಣ ಸೆಟ್ಟು, ವ್ಯಾಟ್ಸ್ ಸಾವಿರ ಅಂತ ಬರೆದಿತ್ತು, ಅದಕ್ಕ ಅದರ ಸ್ಪೀಕರ್ ಬಿಟ್ಟು ಬ್ಯಾರೆ ಕೂಡಂಗಿಲ್ಲ. ಎರಡನೇದು ಜೋಡಿಸಿ ಮಾರೋದು, ಮುಂದ ಎರಡು ಮೀಟರ್ ಮುಳ್ಳು ಕುಣೀತಿದ್ವು. ಅದು ಏನು ಕಟ್ಟಿದ್ರೂ ಹೂಂ ಅಂತದ, ಸಾಯೋ ತನಕ ಹೂಂ ಅಂತದ. ಮೂರನೇದು ಜಪಾನಿನ ಕಂಪನಿದು. ಮೀಟರ್ ಇಲ್ಲ, ಬೆಳಕಿಲ್ಲ, ಕರ್ರಗ. ಅದರ ಹಿಂದ ಆರು ಓಮ್ ಅಂತ ಬರೆದಿತ್ತು. ಅದಕ್ಕೊಂದು ಗುಣ ಐತಿ. ತಡಿಲಾರದಷ್ಟು ಎಳೆತ ಬಂದ್ರ ಒಳಗಿನ ರಿಲೇ ಅನ್ನೋ ಸ್ವಿಚ್ಚು ಟಕ್ ಅಂತ ಬಿಟ್ಟು ಸ್ಪೀಕರ್ ಕಡಿದು ಹಾಕ್ತದ. ಮುಂದ ಡಿಸ್‌ಪ್ಲೇ ಮ್ಯಾಲೆ ಪ್ರೊಟೆಕ್ಟ್ ಅಂತ ಬರ್ತದ. ಸುಡಂಗಿಲ್ಲ. ಮಾಡಂಗಿಲ್ಲ ಅಂತ ಕುಂದರ್ತದ ಅಷ್ಟೇ.

ನನಗ ಬೇಕಾಗಿದ್ದು ಆ ಟಕ್. ಈರೇಶ ಗಂಟು ಹಾಕೋದು ಬಿಡಂಗಿಲ್ಲ ಅಂತ ನನಗ ಖಾತ್ರಿ. ಸುಟ್ಟು ಹೋಗೋ ಡಬ್ಬಿ ಮತ್ತ ನನ್ನನ್ನೇ ಕಳ್ಳ ಅಂತದ. ನಿಂತು ಹೋಗೋ ಡಬ್ಬಿ ನನಗ ಸಾಕ್ಷಿ ಹೇಳ್ತದ.

ಆದ್ರ ಆರಿಸೋದು ಬಸಣ್ಣ ಆಗಬೇಕಿತ್ತು. ಅವರು ಮೊದಲನೇದನ್ನ ಎತ್ತಿದ್ರು, ಇಳಿಸಿದ್ರು. ಎರಡನೇದನ್ನ ಎತ್ತಿದ್ರು. ಜೀನ್ಸ್ ಬಟ್ಟಿ ವ್ಯಾಪಾರದಾಗ ಬಟ್ಟಿನ ಔನ್ಸ್ ಲೆಕ್ಕದಾಗ ತೂಗಿ ತಗೋತಾರ, ತೂಕ ಇದ್ದಷ್ಟೂ ಗಟ್ಟಿ. ಆ ಕೈಗೆ ಅದೇ ರೂಢಿ. ಮೂರನೇದನ್ನ ಎತ್ತಿ "ಹಾ" ಅಂದ್ರು. "ಇದು ಹದಿನಾಕು ಔನ್ಸ್ ನೋಡಪ್ಪ. ಅವೆರಡು ಲೈನಿಂಗ್ ಬಟ್ಟಿ."

ನಾನು ಅಂದೆ, "ಎರಡನೇದಕ್ಕ ಲೈಟ್ ಚಲೋ ಅದಾವಲ್ರಿ."

"ಲೈಟಿಗೆ ನಾನು ದೀಪಾವಳಿ ಸರ ಹಾಕ್ಕೋತೀನಿ. ಇದನ್ನ ಕಟ್ಟಿಸು."

ಜೀವನದಾಗ ಆ ಮನಷ್ಯ ಸರಿಯಾಗಿ ಆರಿಸಿದ್ದು ಅದೊಂದೇ ಇರಬೇಕು. ಅದೂ ಕೈ ಲೆಕ್ಕದಾಗ.

ರಾಯದುರ್ಗದ ಅವರ ಹೊಸ ಮನಿಗೆ ಹೋಗಿ ಕೂಡ್ಸಿದೆ. ನನ್ನ ಜೀವಮಾನದಾಗ ಅಷ್ಟು ಚಂದ ಕೆಲಸ ಯಾರ ಮನಿಗೂ ಮಾಡಿಲ್ಲ. ಗೋಡಿ ಒಳಗ ಪೈಪು, ಪೈಪ್ ಒಳಗ ತಾಮ್ರದ ದಪ್ಪ ವೈರು, ಒಂದು ಜಾಯಿಂಟ್ ಇಲ್ಲ. ನಡುವಿನ ಸ್ಪೀಕರ್ ಕುಂತವರ ಕಿವಿ ಮಟ್ಟಕ್ಕ. ಹಿಂದಿನವು ಒಂದು ಗೇಣು ಮ್ಯಾಲೆ. ತಪ್ಪು ಹುಡುಕಿದ್ರ ನನ್ನ ಕಡೆ ಒಂದು ಸಿಗಬಾರದು. ಇದು ಹಗಿ ಮನಿ ಕೆಲಸ, ಅದಕ್ಕ ಇಷ್ಟು ನೀಟು ಅಂತ ಯಾರಿಗೆ ಹೇಳಲಿ.

ಮುಗಿದ ದಿನ ಬಸಣ್ಣ, ಈರೇಶ, ಮಾಬು ಮಾಸ್ತರ್ ಮೂರೂ ಮಂದಿ ಹಾಲ್‌ನಾಗ ಇದ್ದಾಗ ದೊಡ್ಡದಾಗಿ ಹೇಳಿದೆ. "ಇದಕ್ಕ ಐದು ಸ್ಪೀಕರ್ ಅಷ್ಟೇ. ಆರನೇದು ಗಂಟು ಹಾಕಿದ್ರ ನಿಂತು ಹೋಗ್ತದ."

ಈರೇಶ ಚೌಕಾಸಿ ಮಾಡೋರಂಗ ಅಂದ, "ಒಂದೆರಡು?"

"ಒಂದೂ ಇಲ್ಲ."

"ಇಷ್ಟು ತೂಕದ ಡಬ್ಬಿ, ಆರನೇದಕ್ಕ ಉಸಿರು ಕಟ್ತದ ಅಂತೀಯ?"

ಮಾಬು ಮಾಸ್ತರ್ ನಡುವೆ ಬಂದ್ರು. "ಹೇಳ್ತಾನಲ್ಲಪ್ಪ. ಕೇಳು."

ಕೇಳಂಗಿಲ್ಲ ಅಂತ ಗೊತ್ತಿದ್ದೇ ಹೇಳಿದೆ. ಸಾಕ್ಷಿ ಬೇಕಿತ್ತು, ಮಾಬು ಮಾಸ್ತರ್ ಸಿಕ್ಕರು.

ಗೃಹಪ್ರವೇಶದ ದಿನ ಬೆಳಿಗ್ಗೆ ರತ್ನನ ಕರೆದೆ. "ಅವರ ಮನೆ ಅನ್ನ ನನಗೆ ಬ್ಯಾಡ," ಅಂದಳು. "ನೀವು ಹೋಗಿ ಬನ್ನಿ. ಉಣ್ಣಬ್ಯಾಡಿ." ನಾನೊಬ್ಬನೇ ಹೋದೆ.

ರಾಯದುರ್ಗದ ಯೂನಿಟ್ ಮಾಲೀಕರಿಗೆ ಒಂದು ಪದ್ಧತಿ ಐತಿ. ಮನ್ಯಾಗ ಕಾರ್ಯ ಆದ್ರ ಯೂನಿಟ್ಟಿಗೆ ರಜ ಕೊಟ್ಟು ಎಲ್ಲಾ ಟೈಲರ್‌ಗಳಿಗೆ ಊಟಕ್ಕ ಹಾಕಬೇಕು. ಎರಡೂ ಯೂನಿಟ್ಟಿನ ಜನ ಬಂದಿದ್ರು. ಮನಿ ಮುಂದಿನ ಪೆಂಡಾಲಿನಾಗ ಅವರ ಪಂಕ್ತಿ, ಒಳಗ ಬಳ್ಳಾರಿಯಿಂದ ಬಂದಿದ್ದ ಬಸಣ್ಣನ ಬೀಗರು. ಊಟ ಆದ ಮ್ಯಾಲೆ ಬೀಗರಿಗೆ ಸಿನಿಮಾ ತೋರಿಸೋದು ಅಂತ ಬಸಣ್ಣ ಎಲ್ಲಾ ಕಡೆ ಹೇಳಿಕೊಂಡಿದ್ರು.

ಟೈಲರ್‌ಗಳು ಕುಂತಿದ್ದೇ ಸಾಲು ಸಾಲು. ಹಿಂದಿನ ಸಾಲಿನಿಂದ ಒಬ್ಬಾಕಿ ಕೂಗಿದಳು, "ಈರೇಶಣ್ಣ, ನಮ್ಮ ಸಾಲಿಗೆ ಹಾಡು ಇಲ್ಲೇನು? ನಾವೇನು ತಿಥಿ ಊಟಕ್ಕ ಬಂದೀವೇನು?" ಎಲ್ಲಾರು ನಕ್ಕರು. ಈರೇಶನಿಗೆ ಅಷ್ಟು ಸಾಕಾತು. ಯೂನಿಟ್ಟಿನಿಂದ ಸ್ಪೀಕರ್ ತರಿಸಿ, ಹಾಲ್‌ನ ಮುಂದಿನ ಎರಡು ಸ್ಪೀಕರಿನ ವೈರ್ ಸುಲಿದು, ಕಿಟಕಿ ಮ್ಯಾಲಿಂದ ಎಳೆದು, ಒಂದಕ್ಕೊಂದು ಗಂಟು ಹಾಕ್ತಾ ಪೆಂಡಾಲ್ ತುದಿ ತನಕ ಹೋದ. ಮೂಲ್ಯಾಗ ನಿಂತು ಎಣಿಸಿದೆ. ಆರು ಸ್ಪೀಕರ್ ಜಾಸ್ತಿ.

ಸಣ್ಣ ಸೌಂಡಿನಾಗ ಹಾಡ್ತು. ಅದು ಹಂಗೇ, ಸಣ್ಣಗಿದ್ದಾಗ ಎಳೆತ ಗೊತ್ತಾಗಂಗಿಲ್ಲ. ಪಂಕ್ತಿಗೆ ಬಡಿಸೋಕೆ ಶುರುವಾತು, ಗದ್ದಲ ಜಾಸ್ತಿ ಆತು. ಈರೇಶ ವಾಲ್ಯೂಮ್ ಏರಿಸಿದ.

ಟಕ್.

ಆ ಸದ್ದು ಪೆಂಡಾಲಿಗೆ ಕೇಳಿರಲಿಕ್ಕಿಲ್ಲ. ನನಗ ಕೇಳಿಸಿತು. ಹಾಡು ನಿಂತಿತು. ಈರೇಶ ಆಫ್ ಮಾಡಿ ಆನ್ ಮಾಡಿದ. ಹಾಡ್ತು. ಏರಿಸಿದ. ಮತ್ತ ಟಕ್. ಒಳಗಿನ ಬೀಗರು ತಿರುಗಿ ನೋಡಿದ್ರು. ಬಸಣ್ಣ ಪಂಚೆ ಮ್ಯಾಲೆತ್ತಿಕೊಂಡು ಬಂದ್ರು.

"ಏನಾತು?"

ಈರೇಶ ನನ್ನ ಕಡೆ ಬೆರಳು ತೋರಿಸಿದ. ಪೆಂಡಾಲ್ ತನಕ ಕೇಳಂಗ ಅಂದ, "ಡಬ್ಬಿ ಡುಪ್ಲಿಕೇಟ್ ಭಾವ. ಮತ್ತ ಕಾಯಿಲ್ ತಿಂದಾನ ಇವನು."

ಪಂಕ್ತ್ಯಾಗ ಕೈ ನಿಂತವು. ಅವತ್ತು ಯೂನಿಟ್‌ನಾಗ ಇದ್ದವರು ಎಷ್ಟೋ ಮಂದಿ ಇಲ್ಲೂ ಇದ್ದರು. ಅವರ ಮುಖ ನೋಡಿದೆ. ಮರೆತಿದ್ದು ಬಸಣ್ಣ ಒಬ್ಬರೇ. ಈಗ ಬಸಣ್ಣಗೂ ನೆನಪಾತು. ನನ್ನ ಮುಖ, ಟ್ರಾನ್ಸ್‌ಫಾರ್ಮರು, ಬೆಳ್ಳನ ತಂತಿ, ಎಲ್ಲಾ ಒಂದೊಂದೇ ಅವರ ಕಣ್ಣಾಗ ಬಂದು ಕುಂತಿದ್ದು ನಾನು ನೋಡಿದೆ. ನನಗ ಅದೂ ಬೇಕಿತ್ತು.

ಬಸಣ್ಣ ಮೆಲ್ಲಗ ಕೇಳಿದ್ರು, "ಏನಪ್ಪ ತಿಪ್ಪೇಶ?"

ನನ್ನ ಹತ್ರ ಎರಡು ದಾರಿ ಇದ್ವು. ವೈರ್ ಬಿಚ್ಚಿ ತೋರಿಸಿದ್ರ ಅಲ್ಲಿಗೇ ಮುಗೀತಿತ್ತು. ಈ ಡಬ್ಬಿ ನಿಂತಿದ್ದು ಯಾಕ ಅಂತ ಗೊತ್ತಾಗ್ತಿತ್ತು, ಐದು ವರ್ಷದ ಹಿಂದಿನ ಡಬ್ಬಿ ಸುಟ್ಟಿದ್ದು ಯಾಕ ಅನ್ನೋದು ಹಂಗೇ ಉಳೀತಿತ್ತು. ನಾನು ಇನ್ನೊಂದು ದಾರಿ ಹಿಡಿದೆ.

"ನನ್ನ ಡಬ್ಬಿ ಮ್ಯಾಲೆ ಅನುಮಾನ ಇದ್ರ ಬಿಚ್ಚಬ್ಯಾಡ್ರಿ, ಗ್ಯಾರಂಟಿ ಹೋಗ್ತದ," ಅಂದೆ. "ಸುಟ್ಟ ಸೆಟ್ಟಿನ ಜತಿಗೇ ಈರೇಶಣ್ಣ ತಂದ ಇನ್ನೊಂದು ಸೆಟ್ಟು ಎರಡನೇ ಯೂನಿಟ್‌ನಾಗ ಐತಲ್ರಿ. ಇದೇ ಸ್ಪೀಕರ್, ಇದೇ ವೈರು ಅದಕ್ಕ ಹಾಕಿ ನೋಡ್ರಿ. ಅದು ಹಾಡಿದ್ರ ನಾನೇ ಕಳ್ಳ."

ಈರೇಶ ಮುಖ ಅರಳಿತು. "ತರ್ತೀನಿ ತಡಿ," ಅಂತ ತಾನೇ ಬೈಕ್ ಹತ್ತಿದ. ಯೂನಿಟ್ ಅಲ್ಲೇ ಹಿಂದಿನ ಬೀದ್ಯಾಗ. ಆ ಆಂಪ್ಲಿಫೈಯರ್ ತಂದು ಕಟ್ಟಿ ಮ್ಯಾಲೆ ಇಟ್ಟ. ಧೂಳು ಹಿಡಿದಿತ್ತು. ಅಲ್ಲಿ ಎರಡೇ ಸ್ಪೀಕರ್ ಇದ್ದಿದ್ದಕ್ಕ ಇಷ್ಟು ವರ್ಷ ಬದುಕಿತ್ತು. ಮುಚ್ಚಳದ ಸ್ಕ್ರೂ ಮ್ಯಾಲೆ ಬಳ್ಳಾರಿಯವನು ಅಂಟಿಸಿದ ಕಾಗದದ ಸೀಲ್ ಹಂಗೇ ಇತ್ತು. ನಾನು ಮಾಬು ಮಾಸ್ತರ್‌ನ ಕರೆದೆ. "ಮಾಸ್ತರ್, ಸೀಲ್ ನೋಡ್ರಿ. ಇದನ್ನ ಯಾರಾದ್ರೂ ಬಿಚ್ಯಾರ?"

ಅವರು ಕನ್ನಡಕ ಹಣಿ ಮ್ಯಾಲೆ ಸರಿಸಿ ನೋಡಿದ್ರು. "ಯಾರೂ ಬಿಚ್ಚಿಲ್ಲ."

"ಜೋರಾಗಿ ಹೇಳ್ರಿ."

"ಯಾರೂ ಬಿಚ್ಚಿಲ್ರಪ್ಪ."

ಈರೇಶ ಹಾಲ್‌ನ ಎರಡು, ಪೆಂಡಾಲಿನ ಆರು, ಎಂಟನ್ನೂ ಒಂದೇ ಗಂಟಿನಾಗ ಅದಕ್ಕ ಹಾಕಿದ. ಎಂಟು ಓಮಿನವು ಎಂಟು ಸೇರಿದ್ರ ಎಷ್ಟಾತು ಅಂತ ಇಲ್ಲೀ ತನಕ ಓದಿದವರಿಗೆ ಗೊತ್ತಾಗ್ತದ. ಒಂದು. ಆನ್ ಮಾಡಿದ. ಹಾಡ್ತು. ದೊಡ್ಡದಾಗಿ ಹಾಡ್ತು. ಪೂರ್ತಿ ಏರಿಸಿ, ಎರಡೂ ಕೈ ಸೊಂಟದ ಮ್ಯಾಲಿಟ್ಟು ನನ್ನ ನೋಡಿದ. "ಏನಂತೀಯಪ್ಪ ಇಂಜಿನಿಯರ್ರ?"

ಸುಡ್ತದ ಅಂತ ನನಗ ಗೊತ್ತಿತ್ತು. ಮೊದಲು ಎಷ್ಟೋ ಸಲ ಹೇಳಿದ್ದ ಮಾತು, ಅವತ್ತು ಹೇಳಲಿಲ್ಲ. ಅದಕ್ಕ ನನಗ ಇವತ್ತಿಗೂ ಬ್ಯಾಸರ ಇಲ್ಲ.

ಎರಡನೇ ಹಾಡು ಅರ್ಧಕ್ಕ ಬಂದಾಗ ದನಿ ಒಡೀತು. ಆಮ್ಯಾಲೆ ವಾಸನಿ. ಯೂನಿಟ್ಟಿನ ಹೆಣ್ಣುಮಕ್ಕಳು ಅವತ್ತಿನ ವಾಸನಿ ಗುರುತು ಹಿಡಿದ್ರು. "ಅಯ್ಯ, ಅದೇ," ಅಂತ ಒಬ್ಬಾಕಿ ಎಲಿ ಮುಂದಿಂದ ಎದ್ದಳು. ಮುಚ್ಚಳದ ಸಂದಿಯಿಂದ ಹೊಗಿ ಬಂತು. ನಾನೇ ಹೋಗಿ ಪ್ಲಗ್ ಕಿತ್ತೆ. ಹಂಗ ಅದನ್ನ ಎತ್ತಿಕೊಂಡು ಪೆಂಡಾಲ್ ನಡುವೆ, ಎರಡು ಪಂಕ್ತಿ ಮಧ್ಯದಾಗ ಇಟ್ಟೆ.

"ಮಾಸ್ತರ್, ಸೀಲ್ ನೀವೇ ಹರೀರಿ. ನನ್ನ ಕೈ ಬ್ಯಾಡ."

ಮಾಬು ಮಾಸ್ತರ್ ಹರಿದ್ರು, ಮುಚ್ಚಳ ತಗದ್ರು. ಟ್ರಾನ್ಸ್‌ಫಾರ್ಮರಿನ ತಂತಿ ಬ್ಲೇಡಿನಿಂದ ಕೆರೆದ್ರು. ಬೆಳ್ಳಗ ಇತ್ತು.

ಆಮ್ಯಾಲೆ ಹಿಂದಿನ ಸಾಲಿನ ಅದೇ ಹೆಣ್ಣುಮಗಳು, ಹಾಡು ಕೇಳಿದಾಕಿ, ಅಂದಳು, "ಇದರ ಕಾಯಿಲ್ ಯಾರು ತಿಂದ್ರಪ್ಪ? ಇದಕ್ಕ ತಿಪ್ಪೇಶ ಕೈ ಹಚ್ಚಿಲ್ಲಲ್ಲ." ಇನ್ನೊಬ್ಬ ಅಂದ, "ಬಳ್ಳಾರಿಯಿಂದ ಬರುವಾಗ ದಾರ್ಯಾಗ ಹಸಿವಾಗಿರಬೇಕು." ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋತು. ಈರೇಶ ಕಿವಿ ತನಕ ಕೆಂಪಗಾದ. ಅವತ್ತು ನಾನು ನಿಂತಂಗೇ ಈಗ ಅವನು ನಿಂತಿದ್ದ. ಕಣ್ಣು ತುಂಬ ನೋಡಿದೆ.

ಬಸಣ್ಣ ನನ್ನ ತೋಳು ಹಿಡಿದು ಪಕ್ಕಕ್ಕ ಎಳೆದ್ರು. ಮೆಲ್ಲಗ ಅಂದ್ರು, "ಆಗಿದ್ದಾತು ಬಿಡು. ಒಳಗ ಬೀಗರು ಅದಾರ, ಮಾನದ ಪ್ರಶ್ನೆ. ಮನಿ ವೈರಿಂಗ್‌ನಾಗ ಏನೋ ಶಾರ್ಟ್ ಇತ್ತು ಅಂತ ಒಂದು ಮಾತು ಹೇಳು. ನಾಳಿಯಿಂದ ಎರಡೂ ಯೂನಿಟ್ಟಿನ ಕೆಲಸ ನಿನಗ."

ಐದು ವರ್ಷದ ಹಿಂದ ಆ ಕೆಲಸಕ್ಕ ನಾನು ಕಾಲು ಹಿಡೀತಿದ್ದೆ. ಅಂದೆ, "ಸಾವ್ಕಾರ್ರ, ನೀವು ಹೇಳ್ರಿ. ನಾನು ಕಾಯಿಲ್ ತಗದಿದ್ದಿಲ್ಲ ಅಂತ ಹೇಳ್ರಿ. ಆಮ್ಯಾಲೆ ನಿಮ್ಮ ಬೀಗರಿಗೆ ಸಿನಿಮಾ."

"ಎಲ್ಲಿ ಹೇಳಬೇಕು?"

"ಅವತ್ತು ಎಲ್ಲಿ ಹೇಳಿದ್ರಿ? ಸಾಲಿನ ಮುಂದ."

ಅವರು ಒಳಗ ನೋಡಿದ್ರು. ಬೀಗರು ಎಲಿ ಎತ್ತಿ ಕೈ ತೊಳೀತಿದ್ರು. ಹೊರಗ ಪೆಂಡಾಲ್ ನೋಡಿದ್ರು. ಸಾರಿನ ಬಕೆಟ್ ಹಿಡಿದವನು ಬಡಿಸೋದು ಬಿಟ್ಟು ನಿಂತಿದ್ದ. ಬಸಣ್ಣ ನಾಕು ಹೆಜ್ಜಿ ಮುಂದ ಹೋಗಿ, ನೆಲ ನೋಡಿಕೊಂಡು ಅಂದ್ರು, "ಆ ಹೊತ್ತಿನಾಗ, ಅದು, ತಿಪ್ಪೇಶ ಕಾಯಿಲ್ ತಗದಿದ್ದಿಲ್ಲ."

ನಾನು ಅಂದೆ, "ಹಿಂದಿನ ಸಾಲಿಗೆ ಕೇಳಿಲ್ರಿ."

ಮುಖ ಎತ್ತಿ ನನ್ನ ನೋಡಿದ್ರು. ಆ ನೋಟಕ್ಕ ನಾನು ಹೆದರೋ ಕಾಲ ಇತ್ತು. ಜೋರಾಗಿ ಹೇಳಿದ್ರು. ತುದಿ ಸಾಲಿನ ತನಕ ಹೋತು.

ಅಲ್ಲಿಗೆ ಬಿಡಬಹುದಿತ್ತು ಅಂತ ಯಾರಾದ್ರೂ ಅನ್ನಬಹುದು. ನಾನು ಬಿಡಲಿಲ್ಲ. "ಗಂಟು ಹಾಕಿದವರೇ ಬಿಚ್ಚಲಿ," ಅಂದೆ. ಈರೇಶ ಬಸಣ್ಣನ ಮುಖ ನೋಡಿದ. ಅವರು ತಲಿ ಆಡಿಸಿದ್ರು. ಈರೇಶ ಪೆಂಡಾಲಿನ ಆ ತುದಿಯಿಂದ, ಉಣ್ಣೋರ ನಡುವೆ, ಮಂಡಿ ಊರಿ ಒಂದೊಂದೇ ಗಂಟು ಬಿಚ್ಚಿಕೊಂಡು ಬಂದ. ಒಬ್ಬಾಕಿ ತನ್ನ ಎಲಿ ಸರಿಸಿ ದಾರಿ ಕೊಟ್ಟಳು, ಭಾಳ ಮರ್ಯಾದಿಯಿಂದ. "ಮೆಲ್ಲಗ ಬರ್ರಿ ಈರೇಶಣ್ಣ, ಸಾರು ಐತಿ."

ಹಾಲ್‌ನ ಎರಡು ಸ್ಪೀಕರಿನ ವೈರ್ ನಾನೇ ಸರಿ ಮಾಡಿ ರಿಸೀವರಿಗೆ ಹಾಕಿ ಆನ್ ಮಾಡಿದೆ. ಹಿಂದಾಗಡೆ ಮಳಿ ಬಿದ್ದ ಸದ್ದು, ಮುಂದ ಮಾತು, ನೆಲದಾಗ ಗುಡುಗು. ಬಳ್ಳಾರಿ ಬೀಗರು ಹಿಂದಕ್ಕ ತಿರುಗಿ ನೋಡಿದ್ರು. ಅಷ್ಟು ಚಂದ ಇತ್ತು. ಬಸಣ್ಣ ಊಟಕ್ಕ ಕರೀಲಿಲ್ಲ, ನಾನೂ ಕುಂದರಲಿಲ್ಲ. ಮಾಬು ಮಾಸ್ತರ್ ಗೇಟಿನ ತನಕ ಬಂದ್ರು. "ಅವತ್ತು ನಾನು ಇನ್ನೊಂದು ಸೆಟ್ಟು ಕೆರೆದು ನೋಡ್ರಿ ಅನ್ನಬೇಕಿತ್ತು," ಅಂದ್ರು. ನಾನು ಹೌದ್ರಿ ಅಂದೆ. ಬ್ಯಾಡ ಬಿಡ್ರಿ ಅನ್ನಲಿಲ್ಲ.

ಮನಿಗೆ ಬಂದು ರತ್ನಗೆ ಎಲ್ಲಾ ಹೇಳಿದೆ. ಆಕಿ ಪೂರ್ತಿ ಕೇಳಿ, "ಅತ್ನಾ?" ಅಂದಳು.

"ಬಸಣ್ಣನೇ? ಇಲ್ಲ."

"ಅವನ ಭಾಮೈದ?"

"ಇಲ್ಲ."

"ಇನ್ನೊಂದು ಸ್ವಲ್ಪ ಹೊತ್ತು ನಿಲ್ಲಿಸಬೇಕಿತ್ತು ಕಣ್ರಿ," ಅಂದಳು. ಆದ್ರ ಅವತ್ತು ಭಾಳ ದಿನದ ಮ್ಯಾಲೆ ರಾಯದುರ್ಗದ ತನ್ನ ಗೆಳತ್ಯಾರ ಸುದ್ದಿ ಕೇಳಿದಳು. ಯಾರು ಬಂದಿದ್ರು, ಯಾರು ದಪ್ಪ ಆಗ್ಯಾರ, ಯಾರು ನಕ್ಕರು. ನಕ್ಕವರ ಹೆಸರು ಎರಡು ಸಲ ಹೇಳಿಸಿಕೊಂಡಳು.

ಸುದ್ದಿ ನನಗಿಂತ ಮುಂಚೆ ಬಸ್ ಹತ್ತಿತ್ತು. ಅದೇ ತಿಂಗಳು ಒಬ್ಬ ಶಾಮಿಯಾನದವನು ಎರಡು ಆಂಪ್ಲಿಫೈಯರ್ ತಂದು ಟೇಬಲ್ ಮ್ಯಾಲಿಟ್ಟು, "ಸೋಮವಾರ ಬತ್ತೀನಿ," ಅಂತ ಹೋಗೇಬಿಟ್ಟ. ಅವನು ಹೋದ ಮ್ಯಾಲೆ ನಾನು ಭಾಳ ಹೊತ್ತು ಅವನ್ನ ಬಿಚ್ಚಲಿಲ್ಲ. ಹಂಗೇ ನೋಡಿಕೊಂಡು ಕುಂತಿದ್ದೆ.

ಒಂದು ಸಂಕಟ ಮಾತ್ರ ಉಳಿದೈತಿ, ಅದನ್ನೂ ಹೇಳ್ತೀನಿ. ಆ ರಿಸೀವರ್ ಇವತ್ತಿಗೂ ಬಸಣ್ಣನ ಮನ್ಯಾಗ ಒಂದಿನ ಕೆಡದಂಗ ಹಾಡ್ತದ. ಸೇಡಿಗೆ ಅಂತ ಹೋಗಿ, ನನ್ನ ಹಗಿಗೆ ಈ ಜಿಲ್ಲ್ಯಾಗೇ ಒಳ್ಳೆ ಸೌಂಡ್ ಕೊಟ್ಟು ಬಂದೀನಿ. ಕೆಟ್ಟ ಡಬ್ಬಿಯಿಂದ ಈ ಕೆಲಸ ಆಗ್ತಿದ್ದಿಲ್ಲ. ಅದಕ್ಕ ನುಂಗಿಕೊಂಡೀನಿ.

ಕೆಲಸ ನನಗ ಕಲಿಸಿದ್ದು ಇಷ್ಟು. ಎಲ್ಲಾದಕ್ಕೂ ಹೂಂ ಅನ್ನೋ ಡಬ್ಬಿ ಮನಿಗೆ ತರಬ್ಯಾಡ್ರಿ. ಅದು ಸುಡ್ತದ, ಸುಡೋವಾಗ ಯಾರ ತಲಿಗೋ ಹಚ್ಚಿ ಸುಡ್ತದ. ಆಗಂಗಿಲ್ಲ ಅಂತ ನಿಲ್ಲೋದು ತರ್ರಿ. ಈಗ ನನ್ನ ಅಂಗಡಿಗೆ ರಿಸೀವರ್ ಕೇಳ್ತಾ ಬಂದವರು ವ್ಯಾಟ್ಸ್ ಎಷ್ಟು ಅಂತಾರ. ನಾನು ಅವರಿಗೆ ಒಂದೇ ಪ್ರಶ್ನೆ ಕೇಳ್ತೀನಿ. "ನಾ ಕೂಡ್ಸಿ ಹೋದ ಮ್ಯಾಲೆ ಇನ್ನ ಎಷ್ಟು ಸ್ಪೀಕರ್ ಗಂಟು ಹಾಕ್ತೀರಿ?" ಕೆಲವರು ನಗ್ತಾರ. ಅವರಿಗೆ ಪ್ರೊಟೆಕ್ಟ್ ಇರೋದೇ ಕೊಡ್ತೀನಿ. ಕೆಲವರು ಒಂದೂ ಹಾಕಂಗಿಲ್ಲ ಅಂತ ದೇವರ ಮ್ಯಾಲೆ ಆಣಿ ಇಡ್ತಾರ. ಅವರಿಗೂ ಅದನ್ನೇ ಕೊಡ್ತೀನಿ.